ತೂಕ ಇಳಿಸುವ ಆಪರೇಷನ್ ಆದ ಮೇಲೆ: ಮುದ್ದೆ, ಮಂಡಕ್ಕಿ, ಕೋಟೆ ಮೆಟ್ಟಿಲು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರದ್ದನ್ನಷ್ಟೇ ತೆಗೆದುಕೊಂಡಿದ್ದೇವೆ. ಶಸ್ತ್ರಚಿಕಿತ್ಸಕರು, ಆಹಾರತಜ್ಞರು, ಫಿಸಿಯೋಥೆರಪಿಸ್ಟ್ ಸೇರಿ ಉತ್ತರ ಬರೆದಿದ್ದಾರೆ. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಕೊಳವೆಯಷ್ಟನ್ನೇ ಉಳಿಸುವುದು. ಬೈಪಾಸ್ ಅಂದರೆ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುವುದು.

ಸ್ಲೀವ್ ಆಗಿ ಐದು ವಾರ. ಶಕ್ತಿ ಬರಲಿ ಅಂತ ಅತ್ತೆ ಚಿಕ್ಕದೊಂದು ಮುದ್ದೆ ಕೊಟ್ಟರು. ಎರಡೇ ತುತ್ತಿಗೆ ಎದೆ ಹಿಡಿದುಕೊಂಡಂತಾಗಿ, ಬಾಯಲ್ಲಿ ನೊರೆ ಬಂದು ವಾಂತಿಯಾಯಿತು. ಇನ್ನು ಮೇಲೆ ಮುದ್ದೆ ತಿನ್ನಲೇಬಾರದೇ?
(ಗೃಹಿಣಿ, ಹರಿಹರ)

ತಿನ್ನಬಹುದು, ಆದರೆ ಈಗಲ್ಲ. ತಿನ್ನುವ ರೀತಿಯನ್ನೂ ಬದಲಿಸಿಕೊಳ್ಳಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ನಿಮ್ಮ ಜಠರಕ್ಕೆ ಈಗ ಹಿಡಿಸುವುದೇ 100ರಿಂದ 150 ಮಿ.ಲೀ. ಒಳಗಿನ ಹೊಲಿಗೆಯ ಗೆರೆ ಇನ್ನೂ ಊದಿಕೊಂಡೇ ಇರುತ್ತದೆ. ಅಂಟಾದ ಉಂಡೆ ಅಲ್ಲಿ ಸಿಕ್ಕಿಕೊಂಡರೆ ಜೊಲ್ಲು ಕೆಳಗಿಳಿಯಲು ದಾರಿಯಿಲ್ಲದೆ ನೊರೆಯಾಗಿ ಮೇಲೆ ಬರುತ್ತದೆ. ನಿಮಗೆ ಆಗಿದ್ದು ಅದೇ. ಬಿಸಿ ಅನ್ನ, ಮೆತ್ತನೆ ಬ್ರೆಡ್, ದಪ್ಪ ಚಪಾತಿ ಕೂಡ ಹೀಗೇ ಕಾಟ ಕೊಡುತ್ತವೆ.

ಸಾಮಾನ್ಯ ಕ್ರಮ ಹೀಗಿದೆ. ಮೊದಲ ಎರಡು ವಾರ ದ್ರವ, ನಾಲ್ಕನೇ ವಾರದವರೆಗೆ ಅರೆದ ಆಹಾರ, ಆಮೇಲೆ ಎಂಟನೇ ವಾರದವರೆಗೆ ಮೆತ್ತನೆಯದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಒಂದೆರಡು ವಾರ ಹಿಂದೆಮುಂದೆ ಇರುತ್ತದೆ. ನಿಮಗೆ ಕೊಟ್ಟ ಚೀಟಿಯೇ ಅಂತಿಮ. ಈಗ ನಿಮಗೆ ಆಗುವುದು ಬೇಯಿಸಿದ ಮೊಟ್ಟೆ, ಕೈಯಲ್ಲೇ ಪುಡಿಯಾಗುವ ಪನೀರ್, ಗಟ್ಟಿ ಮೊಸರು, ಕಟ್ಟು ಬಸಿಯದ ಮೆತ್ತನೆ ಬೇಳೆ, ಮುಳ್ಳು ತೆಗೆದ ಮೀನು, ತೆಳುವಾದ ರಾಗಿ ಅಂಬಲಿ. ಮೂರು ತಿಂಗಳಾದ ಮೇಲೆ ನಿಂಬೆಹಣ್ಣಿನ ಗಾತ್ರದ ಮುದ್ದೆ ತೆಗೆದುಕೊಳ್ಳಿ, ಕಡಲೆಯಷ್ಟು ಚೂರು ಮಾಡಿ, ಅಗಿದು ತಿನ್ನಿ. ಹಿರಿಯರು ನಕ್ಕರೆ ನಗಲಿ. ಜೋಳದ ರೊಟ್ಟಿಗೆ ಹೆದರಬೇಕಿಲ್ಲ. ಖಟಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿಂದರೆ ಎಷ್ಟೋ ಜನರಿಗೆ ಚಪಾತಿಗಿಂತ ಸಲೀಸಾಗಿ ಇಳಿಯುತ್ತದೆ.

ಶಕ್ತಿಯ ವಿಷಯದಲ್ಲಿ ಅತ್ತೆಯವರಿಗೆ ಇದನ್ನು ಹೇಳಿ: ನಿಮಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ ಸಿಗುತ್ತದೆ. ತಿಳಿಸಾರಿನಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ಇರುವುದಿಲ್ಲ. ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಬೇಳೆ, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಚಹಾ ಚಮಚದಲ್ಲಿ ತಿನ್ನಿ, ಊಟಕ್ಕೆ 20ರಿಂದ 30 ನಿಮಿಷ ಕೊಡಿ. ಊಟದ ಜತೆ ನೀರು ಬೇಡ. ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಶುರು ಮಾಡಿ, ದಿನಕ್ಕೆ ಒಂದೂವರೆ ಲೀಟರ್ ದಾಟಿಸಿ.

ಒಂದು ಎಚ್ಚರಿಕೆ. ಒಂದು ದಿನವಿಡೀ ನೀರೂ ನಿಲ್ಲದಿದ್ದರೆ, ಅಥವಾ ವಾಂತಿ ಎರಡು ಮೂರು ದಿನ ಮುಂದುವರಿದರೆ ಮನೆಯಲ್ಲಿ ಕೂರಬೇಡಿ. ಥಯಾಮಿನ್, ಅಂದರೆ ಬಿ1 ವಿಟಮಿನ್ ಬೇಗ ಖಾಲಿಯಾಗಿ ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಮಂಕು ಕವಿಯುವುದು ಶುರುವಾಗಬಹುದು. ತಡವಾದರೆ ಮಿದುಳಿಗೆ ಆದ ಹಾನಿ ಹಾಗೇ ಉಳಿಯಬಹುದು. ಡ್ರಿಪ್ ಹಾಕುವವರಿಗೆ ಬೇರಿಯಾಟ್ರಿಕ್ ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ. ಗ್ಲೂಕೋಸ್ ಬಾಟಲಿಗಿಂತ ಮೊದಲು ಥಯಾಮಿನ್ ಹೋಗಬೇಕು.

ಬೈಪಾಸ್ ಆಗಿ ಹತ್ತು ವಾರ, ವಯಸ್ಸು 45. ತೂಕ 128ರಿಂದ 106ಕ್ಕೆ ಬಂದಿದೆ. ದಿನಾ ವಾಕಿಂಗ್ ಮಾಡುತ್ತೇನೆ. ಆದರೂ ಕೆಳಗೆ ಕೂತರೆ ಏಳಲು ಕೈ ಊರಬೇಕು. ಕೋಟೆ ಹತ್ತಲು ಯಾವಾಗ ಶುರು ಮಾಡಲಿ? ಜಿಮ್ ಬೇಕೇ?
(ಶಿಕ್ಷಕರು, ಚಿತ್ರದುರ್ಗ)

ಕೈ ಊರಬೇಕಾಗಿದೆ ಅಂದಿರಲ್ಲ, ನಮ್ಮ ಗಮನವೆಲ್ಲ ಅದರ ಮೇಲೇ. ಇಳಿದ 22 ಕೆ.ಜಿ. ಪೂರ್ತಿ ಕೊಬ್ಬಲ್ಲ. ಇಷ್ಟು ವೇಗವಾಗಿ ಇಳಿದಾಗ ಸುಮಾರು ಕಾಲು ಭಾಗ ಸ್ನಾಯು ಮತ್ತಿತರ ಕೊಬ್ಬಲ್ಲದ ಅಂಶವೇ ಹೋಗುವುದುಂಟು. ತೂಕದ ಯಂತ್ರ ಇದನ್ನು ಹೇಳುವುದಿಲ್ಲ, ತೊಡೆ ಹೇಳುತ್ತದೆ. ವಾಕಿಂಗ್ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದೇ. ಆದರೆ ಸ್ನಾಯು ಉಳಿಸುವ ಕೆಲಸ ಅದೊಂದರಿಂದ ಆಗುವುದಿಲ್ಲ. ಭಾರದ ವಿರುದ್ಧ ದುಡಿಸಬೇಕು, ಜತೆಗೆ ಪ್ರೋಟೀನ್ ಹೋಗಬೇಕು.

ಮೊದಲ ಆರು ವಾರ 5 ಕೆ.ಜಿ.ಗಿಂತ ಹೆಚ್ಚು ಎತ್ತಬಾರದು ಅಂತ ಹೇಳಿರುತ್ತಾರೆ. ಹೊಟ್ಟೆಗೆ ಹಾಕಿದ ಸಣ್ಣ ತೂತುಗಳಲ್ಲಿ ಹರ್ನಿಯಾ ಆಗದಿರಲೆಂದು. ಆ ಗಡುವು ನಿಮಗೆ ದಾಟಿದೆ. ಸರ್ಜನ್ ಒಮ್ಮೆ ನೋಡಿ ಸರಿ ಅಂದರೆ ಮನೆಯಲ್ಲೇ ಶುರು ಮಾಡಿ, ಜಿಮ್ ಆಮೇಲೆ ನೋಡಿಕೊಳ್ಳೋಣ. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು.

ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯ ಮುಂದಂಚಿನಲ್ಲಿ ಕೂತು, ಕೈ ಎದೆಗೆ ಕಟ್ಟಿ ಎದ್ದು ನಿಲ್ಲಿ. ಕೂರುವಾಗ ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ, ಧೊಪ್ಪನೆ ಬೀಳಬೇಡಿ. ಲಾಭ ಇರುವುದು ಆ ಇಳಿತದಲ್ಲೇ. ಎಂಟು ಸಲಕ್ಕೆ ಒಂದು ಸುತ್ತು, ಮೂರು ಸುತ್ತು, ನಡುವೆ ಒಂದು ನಿಮಿಷ ದಣಿವಾರಿಕೆ. ಕೈ ಕಟ್ಟಿ ಏಳಲಾಗದಿದ್ದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಆಮೇಲೆ ಗೋಡೆಗೆ ಕೈಯಿಟ್ಟು ಪುಷ್‌ಅಪ್, ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಹೊಟ್ಟೆಯತ್ತ ಎಳೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ಮನೆಯ ಮೊದಲ ಮೆಟ್ಟಿಲು ಹತ್ತಿ ಇಳಿಯುವುದು. ಎಲ್ಲ ಸೇರಿ 25 ನಿಮಿಷದ ಕೆಲಸ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಹನ್ನೆರಡು ಸಲ ಸಲೀಸಾಗಿ ಆಗತೊಡಗಿದರೆ ಎರಡು ಲೀಟರ್ ನೀರಿನ ಬಾಟಲಿ ಎದೆಗೆ ಹಿಡಿದು ಮಾಡಿ. ಉಸಿರು ಬಿಗಿಹಿಡಿಯಬೇಡಿ, ಏಳುವಾಗ ಬಿಡಿ. ಮಲಗಿ ಏಳುವ ಹೊಟ್ಟೆಯ ಕಸರತ್ತು ಮೂರು ತಿಂಗಳವರೆಗೆ ಬೇಡ.

ನಡಿಗೆ ವಾರಕ್ಕೆ 150 ನಿಮಿಷಕ್ಕೆ ಮುಟ್ಟಲಿ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ. ಇಳಿದ ತೂಕ ಮರಳಿ ಏರದಂತೆ ಮುಂದೆ ಕಾಯಲು 200ರಿಂದ 300 ನಿಮಿಷ ಬೇಕಾಗುತ್ತದೆ.

ಇನ್ನು ಕೋಟೆ. ಹತ್ತುವುದು ಉಸಿರಿನ ಪರೀಕ್ಷೆ, ಇಳಿಯುವುದು ಮಂಡಿಯ ಪರೀಕ್ಷೆ. ಸವೆದು ನುಣುಪಾದ, ಏರುಪೇರಿನ ಕಲ್ಲಿನ ಮೇಲೆ ಇಳಿಯುವಾಗ ತೊಡೆ ಹಿಡಿದು ನಿಲ್ಲಿಸದಿದ್ದರೆ ಇಡೀ ಹೊರೆ ಮಂಡಿಗೆ. ಕುರ್ಚಿ ಅಭ್ಯಾಸ ಆರು ವಾರ ಮಾಡಿ, ಕೈ ಊರದೆ ಹತ್ತು ಸಲ ಏಳಲು ಬಂದ ಮೇಲೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ, ಮೊದಲ ಬಾಗಿಲುಗಳನ್ನಷ್ಟೇ ದಾಟಿ ಹಿಂದಿರುಗಿ. ವಾರ ವಾರ ಸ್ವಲ್ಪ ಮುಂದೆ ಹೋದರಾಯಿತು. ತುಪ್ಪದ ಕೊಳದ ಕಡಿದಾದ ಬಂಡೆ ಈ ವರ್ಷದ ಲೆಕ್ಕಕ್ಕೇ ಬೇಡ. ಅಲ್ಲಿಯವರೆಗೆ ಚಂದ್ರವಳ್ಳಿ ಕೆರೆಯ ಕಡೆ ಸಮತಟ್ಟಾಗಿ ನಡೆಯಿರಿ.

ಬಾಯಾರಿತೆಂದು ಗಟಗಟ ಕುಡಿಯಲು ನಿಮಗೆ ಈಗ ಆಗದು. ಆದ್ದರಿಂದ ಹೊರಡುವ ಒಂದು ಗಂಟೆ ಮೊದಲಿಂದಲೇ ಗುಟುಕರಿಸಿ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಬೈಪಾಸ್ ಆದವರಲ್ಲಿ ಮೂತ್ರದ ಕಲ್ಲು ಬರುವ ಸಂಭವ ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ ನೀರು ಕಡಿಮೆಯಾದರೆ ಇನ್ನೂ ಹೆಚ್ಚು. ಮತ್ತೊಂದು ವಿಷಯ: ಹಳೆಯ ಡೋಸಿನಲ್ಲೇ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ನಡೆಯುತ್ತಿದ್ದರೆ ವ್ಯಾಯಾಮಕ್ಕೆ ಮುಂಚೆ ವೈದ್ಯರಿಗೆ ತೋರಿಸಿ. ತೂಕ ಇಳಿದಂತೆ ಅದೇ ಡೋಸು ಅತಿಯಾಗಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಕೈ ನಡುಗುವುದು ಸಾಮಾನ್ಯ.

ಮೀನಖಂಡ ಒಂದೇ ಕಾಲಲ್ಲಿ ಊದಿ ನೋಯುವುದು, ಇದ್ದಕ್ಕಿದ್ದಂತೆ ಎದೆನೋವು ಅಥವಾ ಏದುಸಿರು: ಇವು ಬಂದರೆ ವ್ಯಾಯಾಮದ ಸುಸ್ತು ಅಂದುಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ನಾಲ್ಕನೇ ತಿಂಗಳು. ಬಾಚಣಿಗೆ ತುಂಬ ಕೂದಲು. ಬಯೋಟಿನ್ ವಿಟಮಿನ್ ತೆಗೆದುಕೊಳ್ಳಲೇ?
(ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ದಾವಣಗೆರೆ)

ಮೂರರಿಂದ ಆರನೇ ತಿಂಗಳ ನಡುವೆ ಕೂದಲು ಉದುರುವುದು ಆಪರೇಷನ್ ಮತ್ತು ತೂಕ ಇಳಿತದ ಧಕ್ಕೆಗೆ. ಬುಡ ಸತ್ತಿರುವುದಿಲ್ಲ, ವರ್ಷದೊಳಗೆ ಬಹುತೇಕ ಮರಳಿ ಬರುತ್ತದೆ. ಬಯೋಟಿನ್‌ಗೆ ದುಡ್ಡು ಹಾಕುವ ಮೊದಲು ಫೆರಿಟಿನ್ (ಮೈಯಲ್ಲಿರುವ ಕಬ್ಬಿಣಾಂಶದ ದಾಸ್ತಾನು), ಬಿ12, ಜಿಂಕ್ ಪರೀಕ್ಷೆ ಮಾಡಿಸಿ, ದಿನದ ಪ್ರೋಟೀನ್ ಬರೆದು ಕೂಡಿಸಿ ನೋಡಿ. ಮುಟ್ಟಾಗುವ ಹೆಂಗಸರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ ಕಬ್ಬಿಣಾಂಶ ಬೇಕು. ಹಲವರು ಅದನ್ನು ನುಂಗುತ್ತಾರೆ, ಆದರೆ ಕ್ಯಾಲ್ಸಿಯಂ ಜತೆಗೇ ನುಂಗಿ ಕೆಡಿಸಿಕೊಳ್ಳುತ್ತಾರೆ. ಎರಡರ ನಡುವೆ ಎರಡು ಗಂಟೆ ಇರಲಿ. ಬೆಳಿಗ್ಗೆ ಕಬ್ಬಿಣದ ಮಾತ್ರೆ ನಿಂಬೆನೀರಿನ ಜತೆ, ಕಾಫಿ ಒಂದು ಗಂಟೆ ತಡವಾಗಿ. ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ರಾತ್ರಿ, ಸಲಕ್ಕೆ 500ರಿಂದ 600 ಮಿ.ಗ್ರಾಂ. ಆಮ್ಲ ಕಡಿಮೆಯಾದ ಹೊಟ್ಟೆಗೆ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಒಗ್ಗುತ್ತದೆ. ರಕ್ತಪರೀಕ್ಷೆ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ವಿಟಮಿನ್ ಮಾತ್ರೆ ಜೀವನಪರ್ಯಂತ.

ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆ ತೆಗೆದುಕೊಳ್ಳಬಹುದೇ? ಬೈಪಾಸ್ ಆಗಿ ಒಂದು ವರ್ಷ.
(ಹೊಳಲ್ಕೆರೆ)

ಪಟ್ಟಿಯ ಹಿಂಬದಿ ಓದಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಇದ್ದರೆ ಬೇಡವೇ ಬೇಡ. ಚೀಲ ಮತ್ತು ಕರುಳು ಕೂಡಿದ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ತೂತೂ ಬೀಳಬಹುದು. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ. ಪ್ಯಾರಾಸಿಟಮಾಲ್ ಪರವಾಗಿಲ್ಲ. ಆದರೆ 'ಪ್ಯಾರಾಸಿಟಮಾಲೇ ಸಾರ್' ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅಸಿಕ್ಲೋಫೆನಾಕ್ ಬೆರೆತಿರುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ನಡೆಯುತ್ತಿದ್ದರೆ ಮಾತ್ರ ನೀವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ.

ಯುಗಾದಿಗೆ ಒಂದು ಹೋಳಿಗೆ, ಮೇಲೆ ಹಾಲು ತುಪ್ಪ. ಕಾಲು ಗಂಟೆಯಲ್ಲಿ ಎದೆ ಡವಗುಟ್ಟಿ, ಬೆವತು, ಭೇದಿಯಾಯಿತು. ಹೃದಯದ ತೊಂದರೆಯೇ?
(ಬೈಪಾಸ್ ಆದವರು, ಚನ್ನಗಿರಿ)

ನೀವು ಹೇಳುವ ಲಕ್ಷಣ ಡಂಪಿಂಗ್‌ನದ್ದು. ಸಕ್ಕರೆ, ಬೆಲ್ಲ ಜಠರದಲ್ಲಿ ನಿಲ್ಲದೆ ಕರುಳಿಗೆ ಒಮ್ಮೆಲೇ ಸುರಿದು ಮೈಯ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮಲಗಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ತಗ್ಗುತ್ತದೆ. ಸಿಹಿ ತಿನ್ನದಿದ್ದಾಗಲೂ ಹೀಗಾದರೆ ಇ.ಸಿ.ಜಿ. ಮಾಡಿಸಿ. ಇದರ ಇನ್ನೊಂದು ರೂಪ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ: ನಡುಕ, ವಿಪರೀತ ಹಸಿವು, ರಕ್ತದಲ್ಲಿ ಸಕ್ಕರೆ ಕುಸಿತ. ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಹಾ ಚಮಚ ಸಕ್ಕರೆ ತಿಂದು, ಬೆನ್ನಲ್ಲೇ ಮೊಟ್ಟೆಯೋ ಪನೀರೋ ತಿನ್ನಿ. ಬರೀ ಸಕ್ಕರೆ ತಿಂದು ಬಿಟ್ಟರೆ ಮತ್ತೆ ಕುಸಿಯುತ್ತದೆ. ಮುಂದಿನ ಹಬ್ಬಕ್ಕೆ ಕಾಲು ಹೋಳಿಗೆ, ಕೋಸಂಬರಿ ತಿಂದಾದ ಮೇಲೆ, ಹಾಲಿಲ್ಲದೆ.

ಸ್ಲೀವ್ ಆಗಿ ಎರಡು ವರ್ಷ. ಕಡಿಮೆ ಅಂದರೆ 78ಕ್ಕೆ ಇಳಿದಿದ್ದೆ, ಈಗ 84. ಊಟ ಇವತ್ತಿಗೂ ಅರ್ಧ ರೊಟ್ಟಿ. ಅಂಗಡಿಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ, ದಿನಕ್ಕೆ ಐದಾರು ಚಹಾ. ಹೊಟ್ಟೆ ಮತ್ತೆ ಹಿಗ್ಗಿತೇ?
(ಕಿರಾಣಿ ವ್ಯಾಪಾರಿ, ಚಳ್ಳಕೆರೆ)

ಅರ್ಧ ರೊಟ್ಟಿಗೆ ಹೊಟ್ಟೆ ತುಂಬುತ್ತಿದೆ ಅಂದರೆ ಹಿಗ್ಗಿರುವ ಸಂಭವ ಕಡಿಮೆ. ತಪ್ಪಿತಸ್ಥ ಮಂಡಕ್ಕಿಯೇ. ಅದು ಬಾಯಲ್ಲೇ ಕುಗ್ಗಿ, ಜೊಲ್ಲಿನಲ್ಲಿ ಕರಗಿ, ಕೊಳವೆಯಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಅರ್ಧ ರೊಟ್ಟಿಗೆ ಸಾಕೆನ್ನುವ ಹೊಟ್ಟೆ ಒಂದು ಪೊಟ್ಟಣ ಮಂಡಕ್ಕಿಗೆ ಸಾಕೆನ್ನುವುದಿಲ್ಲ. ಮೇಲಿನ ಎಣ್ಣೆ, ಪಕ್ಕದ ಮಿರ್ಚಿ ಸೇರಿ ಅದು ಊಟವನ್ನೇ ಮೀರಿಸುತ್ತದೆ. ಚಿಪ್ಸ್, ಬಿಸ್ಕತ್ತು, ಖಾರ, ಐಸ್‌ಕ್ರೀಮ್ ಎಲ್ಲ ಇದೇ ಜಾತಿ. ಐದು ಚಹಾಕ್ಕೆ ಎರಡೆರಡು ಚಮಚದಂತೆ ಹತ್ತು ಚಮಚ ಸಕ್ಕರೆ, ಅಂದರೆ ಸುಮಾರು 50 ಗ್ರಾಂ, 200 ಕ್ಯಾಲೊರಿ. ಚಹಾ ಕುಡಿಯುತ್ತ ತಿಂದರೆ ತಿಂದದ್ದೂ ತೊಳೆದುಕೊಂಡು ಬೇಗ ಇಳಿಯುತ್ತದೆ.

ಎರಡನೇ ವರ್ಷದ ಆಚೆ ಕೆಲವು ಕೆ.ಜಿ. ಏರುವುದು ಬಹಳ ಜನರಲ್ಲಿ ಇದ್ದದ್ದೇ, ಇನ್ನೊಂದು ಆಪರೇಷನ್ನಿನ ಮಾತು ಈಗಲೇ ಬೇಡ. ಸಂಜೆಗೆ ಮೊಳಕೆ ಹೆಸರುಕಾಳು ಅಥವಾ ಒಂದು ಮೊಟ್ಟೆ ಡಬ್ಬಿಯಲ್ಲಿ ತನ್ನಿ. ನಿಮ್ಮೂರಿನ ಶೇಂಗಾ ಒಳ್ಳೆಯದೇ, ಆದರೆ 25 ಗ್ರಾಮಿಗೆ ಸುಮಾರು 140 ಕ್ಯಾಲೊರಿ. ಗಲ್ಲೆಯ ಪಕ್ಕ ಚೀಲ ಇಟ್ಟುಕೊಂಡು ಮೆಲ್ಲುವ ಪದಾರ್ಥವಲ್ಲ. ಚಹಾ ಎರಡಕ್ಕೆ ಇಳಿಸಿ, ವಾರಕ್ಕೊಮ್ಮೆ ಒಂದೇ ದಿನ ಒಂದೇ ಹೊತ್ತಿಗೆ ತೂಕ ಬರೆದಿಡಿ. ಮೂರು ತಿಂಗಳು ಹೀಗೆ ನಡೆಸಿಯೂ ಏರಿದರೆ ಎಂಡೋಸ್ಕೋಪಿ, ಥೈರಾಯ್ಡ್ ನೋಡಿಸೋಣ. ಬೆಣ್ಣೆ ದೋಸೆಯ ಬಗ್ಗೆ ನೀವು ಕೇಳಿಲ್ಲ, ಆದರೆ ದಾವಣಗೆರೆಯ ಎಲ್ಲರೂ ಕೇಳಿದ್ದಾರೆ: ತಿಂಗಳಿಗೊಮ್ಮೆ ಅರ್ಧ, ಮೇಲಿನ ಬೆಣ್ಣೆ ಮುದ್ದೆ ಪಕ್ಕಕ್ಕೆ. ಅದು ಬೆಣ್ಣೆ ದೋಸೆಯೇ ಅಲ್ಲ ಅನ್ನುವವರ ಜತೆ ನಮ್ಮ ತಕರಾರಿಲ್ಲ.

ಮಗಳಿಗೆ ಬೈಪಾಸ್ ಆಗಿ ಏಳು ತಿಂಗಳು. ಪಿ.ಸಿ.ಓ.ಡಿ. ಇತ್ತು, ಈಗ ಮುಟ್ಟು ಸರಿಯಾಗಿದೆ. ಮದುವೆ ಗೊತ್ತಾಗಿದೆ. ಮಗು ಯಾವಾಗ?
(ತಾಯಿ, ಹಿರಿಯೂರು)

ಆಪರೇಷನ್ ದಿನದಿಂದ 12ರಿಂದ 18 ತಿಂಗಳು ಕಾಯಬೇಕು. ಮುಟ್ಟು ಸರಿಯಾಗಿದೆ ಅಂದರೆ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚಿದೆ ಅಂತಲೇ ಅರ್ಥ. ಬೈಪಾಸ್ ನಂತರ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವಂತಿಲ್ಲ. ಕಾಪರ್-ಟಿ ಮುಂತಾದವುಗಳ ಬಗ್ಗೆ ಮದುವೆಗೆ ಮುಂಚೆಯೇ ಸ್ತ್ರೀರೋಗ ತಜ್ಞರ ಜತೆ ಮಾತಾಡಲಿ. ಮುಂದೆ ಗರ್ಭಿಣಿಯಾದಾಗ ಗ್ಲೂಕೋಸ್ ನೀರು ಕುಡಿಸುವ ಪರೀಕ್ಷೆಯಿಂದ ಡಂಪಿಂಗ್ ಆಗಬಹುದು. ಬದಲಿಗೆ ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ನೋಡುವ ಕ್ರಮವಿದೆ, ಅದನ್ನು ಕೇಳಿ.

ತೋಳು, ಹೊಟ್ಟೆಯ ಜೋಲುಚರ್ಮ ವ್ಯಾಯಾಮದಿಂದ ಹೋಗುತ್ತದೆಯೇ?
(ಜಗಳೂರು)

ಪೂರ್ತಿ ಹೋಗುವುದಿಲ್ಲ. ಕೆಳಗೆ ಸ್ನಾಯು ತುಂಬಿದರೆ ತೋಳು ತೊಡೆಯಲ್ಲಿ ಸ್ವಲ್ಪ ಬಿಗಿ ಕಾಣುತ್ತದೆ, ಹೊಟ್ಟೆಯ ಮಡಿಕೆಗೆ ಅಷ್ಟೂ ಇಲ್ಲ. ಕ್ರೀಮುಗಳಿಂದ ಪ್ರಯೋಜನವಿಲ್ಲ. ಮಡಿಕೆಯೊಳಗೆ ಬೆವರು ನಿಂತು ಹುಳಕಡ್ಡಿ ಆಗದಂತೆ ಸ್ನಾನವಾದ ಮೇಲೆ ಒಣಗಿಸಿ, ನಡಿಗೆಗೆ ಬಿಗಿಯಾದ ಹತ್ತಿ ಬನಿಯನ್ ಹಾಕಿ. ಪ್ಲಾಸ್ಟಿಕ್ ಸರ್ಜರಿ ಬೇಕೆನಿಸಿದರೆ ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲೆ, ಅಂದರೆ ಸಾಮಾನ್ಯವಾಗಿ ಒಂದೂವರೆ ವರ್ಷ ಕಳೆದ ಮೇಲೆ ವಿಚಾರಿಸಿ.