ಸಂತೆಯಲ್ಲಿ ಸಿಕ್ಕ ಹಳೇ ಕ್ಷೌರದ ಕತ್ತಿ ಕನ್ನಡಿಯಂತೆ ಹೊಳೆಯಬೇಕು, ಯಾವ ಪಾಲಿಶ್ ಮೆಷಿನ್ ತಗೊಳ್ಳಲಿ?

ಯಾವುದೂ ಬೇಡ. ಹೊಳಪಿನ ಆಸೆಯನ್ನೇ ಬಿಡಿ.

ನನಗೆ ಅಂಥದ್ದೊಂದು ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ, ಹಳೇ ಬೀಗಗಳ ರಾಶಿಯೊಳಗೆ. ಅಲಗಿನ ಬುಡದಲ್ಲಿ ಜರ್ಮನಿಯ ಸೋಲಿಂಗೆನ್ ಊರಿನ ಮುದ್ರೆ ಇತ್ತು. ಕತ್ತಿ, ಚಾಕುಗಳಿಗೆ ಹೆಸರಾದ ಊರು ಅದು. ಮುದ್ರೆ ನೋಡಿ ಚೌಕಾಸಿ ಮಾಡೋದನ್ನೂ ಮರೆತೆ. ತುಕ್ಕು ಮೇಲುಮೇಲಕ್ಕಿತ್ತು, ಅಂಚಿಗೆ ಇಳಿದಿರಲಿಲ್ಲ.

ಸುಮ್ನೆ ಒರೆಸಿ ಮಸೆದಿದ್ದರೆ ಸಾಕಿತ್ತು. ನಾನು ಹಿತ್ತಾಳೆ ಸಾಮಾನು ಪಾಲಿಶ್ ಮಾಡುವ ಅಂಗಡಿಗೆ ಒಯ್ದೆ. ಮೋಟಾರಿನ ಬಟ್ಟೆ ಚಕ್ರಕ್ಕೆ ಒತ್ತಿ ಹಿಡಿದು ಫಳಫಳ ಮಾಡಿಕೊಟ್ಟರು. ಅವರನ್ನು ದೂರುವಂತಿಲ್ಲ, ನಾನು ಕೇಳಿದ್ದೇ ಅದನ್ನು. ಮನೆಗೆ ತಂದು ಎಷ್ಟು ಮಸೆದರೂ ಅಂಚು ನಿಲ್ಲಲಿಲ್ಲ. ಕೊನೆಗೆ ನಮ್ಮ ಬೀದಿಯ ಸಲೂನಿನ ಹಿರಿಯರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಹದಾನೇ ಹೋಗಿದೆಯಲ್ಲ ಸಾರ್, ಯಾರು ಕಾಯಿಸಿದ್ದು?" ಅಂದರು. ಅಂಚಿನುದ್ದಕ್ಕೂ ಸಣ್ಣ ನೀಲಿ ಗೆರೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳ್ತೀನಿ. ಹಳೇ ಕತ್ತಿಗಳಲ್ಲಿ ಹೆಚ್ಚಿನವು ಇಂಗಾಲ ಜಾಸ್ತಿ ಇರುವ ಉಕ್ಕಿನವು. ಮೊದಲು ಕೆಂಪಗೆ ಕಾಯಿಸಿ, ಅದ್ದಿ ಗಟ್ಟಿ ಮಾಡಿ, ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಹದ ಮಾಡಿರುತ್ತಾರೆ. ಅದಕ್ಕಿಂತ ಜಾಸ್ತಿ ಕಾದರೆ ಉಕ್ಕು ಮೆತ್ತಗಾಗುತ್ತದೆ. 300 ಡಿಗ್ರಿ ಹತ್ತಿರ ಬಂದಾಗ ನೀಲಿ ಬಣ್ಣ ಕಾಣುತ್ತದೆ, ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ನೀಲಿಯನ್ನು ಉಜ್ಜಿ ತೆಗೆಯಬಹುದು, ಹೋದ ಗಟ್ಟಿತನ ಬರುವುದಿಲ್ಲ. ಬೆನ್ನು ದಪ್ಪ, ಕಾವು ತಡೆಯುತ್ತದೆ. ಅಂಚು ಹಪ್ಪಳದ ಹಾಗೆ ತೆಳು, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುತ್ತದೆ. ಬೆನ್ನಿಗೆ ಬೆರಳಿಟ್ಟು "ಬೆಚ್ಚಗಿದೆ ಅಷ್ಟೇ" ಅಂದುಕೊಂಡರೆ ಮೋಸ ಹೋದಿರಿ. ಮನೆಯಲ್ಲೇ ಸಣ್ಣ ಮೆಷಿನ್ ಇಟ್ಟುಕೊಂಡು ಹಗುರವಾಗಿ ಮಾಡ್ತೀನಿ ಅನ್ನಬೇಡಿ, ಅಲ್ಲೂ ಇದೇ ಅಪಾಯ. ಸಾಲದ್ದಕ್ಕೆ ನನ್ನ ಕತ್ತಿಯಲ್ಲಿ ಚಕ್ರ ಅಂಚನ್ನು ದುಂಡಗೆ ಮಾಡಿತ್ತು, ಮುದ್ರೆಯನ್ನೂ ಅರ್ಧ ತಿಂದಿತ್ತು.

ನಿಮ್ಮದಕ್ಕೆ ಕೈಕೆಲಸ ಸಾಕು. ಮೊದಲು ಅಂಚು ನೋಡಿ. ಬಿರುಕು ಅಥವಾ ಆಳದ ಗುಳಿ ಇದ್ದರೆ ಗೋಡೆಗೆ ನೇತುಹಾಕಿ, ಮುಖಕ್ಕೆ ತರಬೇಡಿ. ಚೆನ್ನಾಗಿದ್ದರೆ ಅಂಚಿಗೆ ಟೇಪ್ ಸುತ್ತಿ. ಹಾರ್ಡ್‌ವೇರ್ ಅಂಗಡಿಯ ನುಣುಪಾದ ವಾಟರ್ ಪೇಪರಿಗೆ (ಒಂಥರಾ ಉಪ್ಪುಕಾಗದ) ಎಣ್ಣೆ ಹಚ್ಚಿ ಮೆಲ್ಲಗೆ ತುಕ್ಕು ಉಜ್ಜಿ. ಕಪ್ಪು ಕಲೆ ಉಳಿದರೆ ಉಳಿಯಲಿ, ಗಡ್ಡಕ್ಕೆ ಅದು ಗೊತ್ತಾಗಲ್ಲ.

ಮಸೆಯುವಾಗ ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಕತ್ತಿ ತಯಾರಿಸಿದವನು ಮಸೆಯುವ ಕೋನವನ್ನು ಬೆನ್ನಿನ ದಪ್ಪದಲ್ಲೇ ಲೆಕ್ಕ ಹಾಕಿಟ್ಟಿದ್ದಾನೆ, ನೀವು ಬೆನ್ನು ಎತ್ತಿ ಜಾಣತನ ತೋರಿಸಬೇಡಿ. 1000 ನಂಬರಿನ ಮಸೆಗಲ್ಲು, ಆಮೇಲೆ 4000, 8000; ನಂಬರು ಏರಿದಷ್ಟೂ ಕಲ್ಲು ನುಣುಪು. ಕಲ್ಲಿನ ಮೇಲೆ ಅಂಚು ಮುಂದೆ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದೆ. ಕಲ್ಲುಗಳ ಖರ್ಚು ಕತ್ತಿಗಿಂತ ಜಾಸ್ತಿ, ಮೊದಲೇ ಹೇಳಿಬಿಡ್ತೀನಿ. ಸಲೂನಿಗೆ ಕೊಟ್ಟು ಮಸೆಸೋಣ ಅಂದರೆ, ಅಲ್ಲಿ ಈಗ ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿಯೇ ಎಲ್ಲ ಕಡೆ. ಮಸೆಯುವ ಕೈ ಸಿಗುವುದು ಕಷ್ಟ.

ಹಿಡಿಯನ್ನೂ ನೋಡಿ. ಹಳೇ ಸೆಲ್ಯುಲಾಯ್ಡ್ (ಹಿಂದಿನ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹಿಡಿ ಕೊಳೆಯತೊಡಗಿದರೆ ಅದರಿಂದ ಬರುವ ಅನಿಲವೇ ಅಲಗಿಗೆ ತುಕ್ಕು ಹಿಡಿಸುತ್ತದೆ. ಮಡಚಿದಾಗ ಹಿಡಿಯೊಳಗೆ ಸೇರುವ ಭಾಗದಲ್ಲೇ ತುಕ್ಕು ಜಾಸ್ತಿ ಇದ್ದರೆ ಅನುಮಾನಪಡಿ. ಅಂಥ ಹಿಡಿ ಬಿಚ್ಚಿಸಿ ಮರದ್ದು ಹಾಕಿಸಿ. ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸವರಿಡಿ.