ಫ್ರೆಂಚ್ ಹಳ್ಳಿಮನೆ ಶೈಲಿಯ ಮಲಗುವ ಕೋಣೆಗೆ ಎಲ್ಲ ಒಂದೇ ಪ್ರಿಂಟ್ ಇರುವ ಸೆಟ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಎಂಟು ವರ್ಷದ ಹಿಂದೆ ನಾನೂ ಇಂಥದ್ದೇ ಅಂಗಡಿ ಮುಂದೆ ನಿಂತವಳು. ಯಜಮಾನರ ಕೆಲಸಕ್ಕೆ ಅಂತ ದಕ್ಷಿಣ ಫ್ರಾನ್ಸಿಗೆ ಬಂದಿದ್ದೀರಿ. ಪ್ರೊವಾನ್ಸಿನ ಹಳ್ಳಿಯಲ್ಲಿ ಹಳೇ ಮನೆ ಬಾಡಿಗೆಗೆ ಸಿಕ್ಕಿದೆ. ಮಲಗುವ ಕೋಣೆಯಲ್ಲಿ ಆರು ಮೂಲೆಯ ಕೆಂಪು ಹೆಂಚಿನ ನೆಲ ಬಿಟ್ಟರೆ ಬೇರೇನೂ ಇಲ್ಲ. ಹಳದಿ ಬಟ್ಟೆಯ ಮೇಲೆ ನೀಲಿ ಹೂವಿನ ಒಂದು ಸೆಟ್ ಕಣ್ಣಿಗೆ ಬಿದ್ದಿದೆ: ಹಾಸು, ಹೊದಿಕೆ, ದಿಂಬಿನ ಕವರ್, ಪರದೆ, ಕೊನೆಗೆ ಲ್ಯಾಂಪಿನ ಟೋಪಿಗೂ ಅದೇ ಬಟ್ಟೆ. ಪೂರ್ತಿ ಸೆಟ್ ತಗೊಂಡುಬಿಡಲಾ ಅಂತ ಕೇಳಿದ್ದೀರಿ.

ಬೇಡ. ಅದರಲ್ಲಿ ಒಂದನ್ನು ಮಾತ್ರ ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾವಿರುವುದೂ ಪ್ರೊವಾನ್ಸಿನಲ್ಲೇ, ಮನೋಸ್ಕ್ ಅನ್ನುವ ಊರಿನ ಹತ್ತಿರ. ಇಲ್ಲೇ ಹತ್ತಿರದಲ್ಲಿ ಅಣು ಸಮ್ಮಿಳನ ರಿಯಾಕ್ಟರ್ ಕಟ್ಟುತ್ತಿರುವ ಇಟರ್ ಯೋಜನೆಯಲ್ಲಿ ಭಾರತವೂ ಪಾಲುದಾರ, ಹಾಗಾಗಿ ಈ ಕಡೆ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ಬಂದ ಹೊಸತರಲ್ಲಿ ನಾನು ಕೆಂಪು ಪ್ರಿಂಟಿನ ಪೂರ್ತಿ ಸೆಟ್ ತಂದು ಹಾಸಿದೆ. ದೀಪಾವಳಿಗೆ ಒಂದೇ ತಾನಿನಲ್ಲಿ ಮಕ್ಕಳಿಗೆಲ್ಲ ಅಂಗಿ, ಲಂಗ ಹೊಲಿಸಿ, ಉಳಿದದ್ದರಲ್ಲಿ ಕಿಟಕಿ ಪರದೆ ಮಾಡಿಸುತ್ತಿದ್ದರಲ್ಲ ನಮ್ಮಪ್ಪಂದಿರು? ಕೋಣೆ ಹಾಗೆ ಕಂಡಿತು. ನನಗಂತೂ ತುಂಬ ಹೆಮ್ಮೆ. ಎಂಬತ್ತು ದಾಟಿದ ಮನೆ ಒಡತಿಯನ್ನು ಕರೆದು ತೋರಿಸಿದೆ. ಅಜ್ಜಿ ಬಾಗಿಲಲ್ಲೇ ನಿಂತು ನೋಡಿ, "ಹೋಟೆಲ್ ಚೆನ್ನಾಗಿದೆ" ಅಂದರು.

ಆಮೇಲೆ ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಆಕ್ರೋಟು ಮರದ ಮಂಚ. ಮೇಲೆ ದಪ್ಪ ಲಿನನ್ ಹಾಸು, ಮೂಲೆಯಲ್ಲಿ ಅವರ ಅತ್ತೆಯ ಹೆಸರಿನ ಎರಡು ಅಕ್ಷರ ಕೆಂಪು ದಾರದಲ್ಲಿ. ಹಾಸಿನ ನಟ್ಟನಡುವೆ ಉದ್ದಕ್ಕೆ ಒಂದು ಹೊಲಿಗೆ. ಹರಿದು ತೇಪೆ ಹಾಕಿದ್ದು ಅಂದುಕೊಂಡೆ. ಅಲ್ವಂತೆ. ಹಳೇ ಮಗ್ಗ ಕಿರಿದು, ಅದಕ್ಕೇ ಎರಡು ಪಟ್ಟಿ ನೇಯ್ದು ಜೋಡಿಸುತ್ತಿದ್ದರು. ಅದರ ಮೇಲೆ ಬಿಳೀ ಕೌದಿಯಂಥದ್ದು. ಕಾಲ ಬಳಿ ಮಡಿಸಿಟ್ಟ ಇನ್ನೊಂದು ಹೊದಿಕೆ ಮಾತ್ರ ಹೂವಿನ ಪ್ರಿಂಟ್, ಮಾಸಿದ ಕೆಂಪು. ಉದ್ದ ದಿಂಬಿಗೆ ಸಣ್ಣ ಕೆಂಪು ಗೆರೆಯ ಬಟ್ಟೆ. ನಾಲ್ಕೂ ಬೇರೆ ಬೇರೆ ಕಾಲದವು, ಬೇರೆ ಬೇರೆ ಕೈಯಿಂದ ಬಂದವು. ಆದರೂ ಜಗಳ ಇಲ್ಲ. ಯಾಕಂದರೆ ಬಿಳೀ ಕೌದಿ ಬಿಟ್ಟು ಉಳಿದೆಲ್ಲದರಲ್ಲೂ ಆ ಒಂದು ಕೆಂಪು ಇಣುಕುತ್ತಿತ್ತು. ಸಂಬಂಧಿಕರ ಹಾಗಿದ್ದವು, ಅವಳಿಗಳ ಹಾಗಲ್ಲ.

ಆ ಹೂವಿನ ಪ್ರಿಂಟ್ ತೋರಿಸಿ ಅಜ್ಜಿ "ಇದು ನಿಮ್ಮದೇ" ಅಂದರು. ನನಗೆ ಅರ್ಥ ಆಗಲಿಲ್ಲ. ಇಲ್ಲಿ ಅದಕ್ಕೆ ಇಂಡಿಯೆನ್ ಅಂತಲೇ ಹೆಸರು, ಅಂದ್ರೆ ಭಾರತದ್ದು. 17ನೇ ಶತಮಾನದಲ್ಲಿ ಮಾರ್ಸೇ ಬಂದರಿಗೆ ನಮ್ಮ ಕಡೆಯ ಅಚ್ಚಿನ ಹತ್ತಿ ಬಟ್ಟೆ ಬಂದಿಳಿಯುತ್ತಿತ್ತು. ಒಗೆದರೂ ಬಣ್ಣ ಬಿಡದ ಬಟ್ಟೆ ನೋಡಿ ಇಲ್ಲಿಯವರು ಮರುಳಾದರು. ಪಟಿಕ ಹಚ್ಚಿ ಬಣ್ಣವನ್ನು ನೂಲಿಗೆ ಕಚ್ಚಿಸುವ ವಿದ್ಯೆ ನಮ್ಮ ಬಣ್ಣಗಾರರಿಗೆ ಕರಗತವಾಗಿತ್ತು. ಎಲ್ಲರೂ ಇದನ್ನೇ ಕೊಳ್ಳತೊಡಗಿದಾಗ ರೇಷ್ಮೆ, ಉಣ್ಣೆ ನೇಯುವವರು ರಾಜನ ಹತ್ತಿರ ಗೋಳಾಡಿದರು. 14ನೇ ಲೂಯಿ 1686ರಲ್ಲಿ ನಿಷೇಧ ಹಾಕಿದ. ಹೊರಗಿಂದ ತರುವಂತಿಲ್ಲ, ಇಲ್ಲೂ ಅಚ್ಚು ಹಾಕುವಂತಿಲ್ಲ. ಅದು ತೆರವಾದದ್ದು 1759ರಲ್ಲಿ. ಎಪ್ಪತ್ತು ವರ್ಷಕ್ಕೂ ಮೇಲೆ! ಬೇಡ ಅಂದಷ್ಟೂ ಆಸೆ ಜಾಸ್ತಿ ಅಲ್ವಾ, ಕಳ್ಳಸಾಗಣೆ ಜೋರಾಗಿ ನಡೆಯಿತು. ಆಗ ಅವಿನ್ಯೋಂ ಪಟ್ಟಣ ಪೋಪನ ನೆಲ, ಫ್ರೆಂಚ್ ರಾಜನದ್ದಲ್ಲ. ಅಲ್ಲಿ ಸುಮಾರು ಕಾಲ ಅಚ್ಚಿನ ಕೆಲಸ ಮುಂದುವರಿದಿತ್ತು. ನೀವು ಅಂಗಡಿಯಲ್ಲಿ ನೋಡಿದ ಪ್ರಿಂಟಿನಲ್ಲಿ ಬಾಗಿದ ತುದಿಯ ಎಲೆಯಂಥದ್ದೊಂದು ಇರಬೇಕು, ಹತ್ತಿರ ಹೋಗಿ ನೋಡಿ. ನಮ್ಮ ಸೀರೆ ಸೆರಗಿನ ಮಾವಿನಕಾಯಿಯೇ ಅದು.

ತಾರಾಸ್ಕೋಂ ಊರಿನ ಸುಲೆಯಾದೊ ಅನ್ನುವ ಕಂಪನಿ ಹಳೇ ಮರದ ಅಚ್ಚುಗಳನ್ನು ಉಳಿಸಿಕೊಂಡಿದೆ, ಮ್ಯೂಸಿಯಂ ಕೂಡ ಇದೆ. ಒಂದು ದಿನ ಹೋಗಿ ಬನ್ನಿ. ಬಟ್ಟೆ ಕೊಳ್ಳುವ ಮೊದಲು ಹೋದರೆ ಒಳ್ಳೇದು. ಯಾವುದು ದೊಡ್ಡ ಹೂವು, ಯಾವುದು ಅಂಚು, ಯಾವುದು ಸುಮ್ನೆ ಚುಕ್ಕೆ ಚುಕ್ಕೆ ಅಂತ ಕಣ್ಣು ಪಳಗುತ್ತದೆ.

ಇಲ್ಲಿ ಒಂದು ತಕರಾರು ಬರಬಹುದು. ತ್ವಾಲ್ ದ ಝೂಯಿ ಅಂತ ಇನ್ನೊಂದು ಬಟ್ಟೆ ಇದೆ. ಕೆನೆ ಬಿಳುಪಿನ ಮೇಲೆ ಒಂದೇ ಬಣ್ಣದಲ್ಲಿ ಕುರಿ ಕಾಯುವ ಹುಡುಗಿ, ಪಾಳು ಕಮಾನು, ಉಯ್ಯಾಲೆ, ಇಂಥ ಚಿತ್ರಗಳು. ಹಳೇ ಬಂಗಲೆಗಳಲ್ಲಿ ಗೋಡೆ, ಪರದೆ, ಮಂಚ, ಕುರ್ಚಿ ಎಲ್ಲಕ್ಕೂ ಅದೊಂದನ್ನೇ ಹೊದಿಸಿದ್ದು ನೋಡಿರುತ್ತೀರಿ. ಹಾಗಾದರೆ ಸೆಟ್ ಕೂಡ ಫ್ರೆಂಚೇ ಅಲ್ವಾ? ಹೌದು, ಫ್ರೆಂಚೇ. ಆದರೆ ಹಳ್ಳಿಯದ್ದಲ್ಲ. ಅದನ್ನು ಅಚ್ಚು ಹಾಕಿದ್ದು ವೆರ್ಸಾಯ್ ಪಕ್ಕದ ಝೂಯಿ-ಆಂ-ಝೋಝಾದಲ್ಲಿ. ಜರ್ಮನಿ ಕಡೆಯಿಂದ ಬಂದ ಓಬರ್ಕಾಂಫ್ 1760ರಲ್ಲಿ, ಅಂದ್ರೆ ನಿಷೇಧ ಹೋದ ಮರುವರ್ಷವೇ, ಅಲ್ಲಿ ಕಾರ್ಖಾನೆ ತೆರೆದ. ಆಮೇಲೆ ತಾಮ್ರದ ಹಲಗೆಯಲ್ಲಿ ಕೊರೆದು ಅಚ್ಚು ಹಾಕುವ ವಿಧಾನ ತಂದ. ಗೆರೆಗಳು ಅಷ್ಟು ಸಣ್ಣಗೆ ಬರುವುದು ಅದರಿಂದಲೇ. ಕುರಿ ಕಾಯುವವಳ ಚಿತ್ರ ಇದ್ದ ಮಾತ್ರಕ್ಕೆ ಹಳ್ಳಿ ಆಗಲಿಲ್ಲ. ಹೊಲದಲ್ಲಿ ಕಾಲಿಡದವರು ಹಳ್ಳಿಯನ್ನು ಹಾಗೆ ಕನಸು ಕಂಡರು ಅಷ್ಟೇ. ನಿಮ್ಮದು ಎತ್ತರದ ಸೂರಿನ ಬಂಗಲೆ ಆಗಿದ್ದರೆ ಧಾರಾಳವಾಗಿ ಹಾಕಿ ಅನ್ನುತ್ತಿದ್ದೆ. ತಗ್ಗು ತೊಲೆಗಳ ಕೋಣೆಗೆ ಭಾರವಾಗುತ್ತದೆ. ಆಸೆ ತಡೆಯದಿದ್ದರೆ ಒಂದು ಕುರ್ಚಿಗೆ ಹಾಕಿಸಿಕೊಳ್ಳಿ.

ಸರಿ, ನಿಮ್ಮ ಕೋಣೆಗೆ ಬರೋಣ.

ಮೊದಲು ದೊಡ್ಡ ಪ್ರಿಂಟ್ ಯಾವುದು, ಅದು ಎಲ್ಲಿ ಇರಬೇಕು ಅಂತ ತೀರ್ಮಾನ ಮಾಡಿ. ಒಂದೇ ಕಡೆ ಇರಲಿ. ಆ ಹಳದಿ-ನೀಲಿ ಅಷ್ಟು ಇಷ್ಟವಾಗಿದ್ದರೆ ಪರದೆಯನ್ನೋ ಮೇಲು ಹೊದಿಕೆಯನ್ನೋ ತಗೊಳ್ಳಿ, ಎರಡೂ ಬೇಡ. ನಾನಾದರೆ ಹೊದಿಕೆ ತಗೊಳ್ಳುತ್ತಿದ್ದೆ. ಪರದೆಗೆ ಬೇಸಿಗೆ ಬಿಸಿಲು ಬಡಿದು ಬಣ್ಣ ಹೋಗುತ್ತದೆ, ಮತ್ತೆ ಇಲ್ಲಿ ಎಲ್ಲರೂ ಮಧ್ಯಾಹ್ನ ಕಿಟಕಿಯ ಮರದ ಕದ ಮುಚ್ಚಿಬಿಡುತ್ತಾರೆ, ಪರದೆ ನೋಡುವವರು ಯಾರು? ಆಮೇಲೆ ಆ ನೀಲಿಯನ್ನು ಹಿಡಿದುಕೊಂಡು ಹೊರಡಿ. ಹೊದಿಕೆಯ ಅಂಚಿನಿಂದ ಒಂದೆರಡು ಎಳೆ ದಾರ ಪರ್ಸಿನಲ್ಲಿ ಇಟ್ಟುಕೊಳ್ಳಿ. ಫೋನಿನ ಫೋಟೋ ನಂಬಬೇಡಿ, ಬಣ್ಣ ಸುಳ್ಳು ಹೇಳುತ್ತದೆ. ದಿಂಬಿಗೆ ಅದೇ ನೀಲಿಯ ಚೌಕುಳಿ, ಇಲ್ಲಿ ವಿಶಿ ಅನ್ನುತ್ತಾರೆ. ಅಥವಾ ತೆಳು ಗೆರೆ. ಬೇಕಿದ್ದರೆ ಇನ್ನೊಂದು ಸಣ್ಣ ದಿಂಬಿಗೆ ಪುಟ್ಟ ಹೂವು, ಬೆರಳ ಉಗುರಿಗಿಂತ ದೊಡ್ಡದಲ್ಲ. ಸಾಕು. ಮಿಕ್ಕಿದ್ದೆಲ್ಲ ಬಿಳಿ.

ಆ ಬಿಳಿಯಲ್ಲೇ ಜನ ಎಡವುವುದು. ಪ್ರಿಂಟ್ ಹೊಂದಿಸಲು ಮೂರು ದಿನ ಅಲೆಯುತ್ತಾರೆ, ಬಿಳಿಗೆ ಮೂರು ನಿಮಿಷ ಕೊಡುವುದಿಲ್ಲ. ಸುಣ್ಣದ ಬಿಳಿ, ಮಲ್ಲಿಗೆ ಬಿಳಿ, ಕೆನೆ ಬಿಳಿ, ಗೋಣಿದಾರದ ಬಿಳಿ, ಇವೆಲ್ಲ ಬೇರೆ ಬೇರೆ. ಅಚ್ಚಬಿಳಿ ಹಾಸಿನ ಮೇಲೆ ಕೆನೆ ಬಣ್ಣದ ಹೊದಿಕೆ ಹಾಕಿದರೆ ಹೊದಿಕೆ ಒಗೆದೇ ಇಲ್ಲವೇನೋ ಅನ್ನಿಸುತ್ತದೆ. ನಿಮ್ಮ ಪ್ರಿಂಟಿನಲ್ಲಿ ಬಿಳಿ ಇದ್ದರೆ ಅದು ಯಾವ ಬಿಳಿ ನೋಡಿ, ಹಾಸು, ದಿಂಬಿನ ಕವರ್ ಅದರ ಹಾಗೇ ಇರಲಿ. ಗೋಡೆಯದ್ದು ಸುಣ್ಣವಾದರೆ ಹಾಗೇ ಬಿಡಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯಬೇಡಿ.

ಬೂತಿ ಬಗ್ಗೆ ಒಂದು ಮಾತು. ಅಜ್ಜಿಯ ಬಿಳೀ ಕೌದಿ ಅಂದೆನಲ್ಲ, ಅದು ಬೂತಿ. ಎರಡು ತೆಳು ಹತ್ತಿ ಬಟ್ಟೆ ಸೇರಿಸಿ ಚಿತ್ರದ ಗೆರೆಗುಂಟ ಸಣ್ಣ ಹೊಲಿಗೆ ಹಾಕಿ, ಆಮೇಲೆ ಹಿಂದಿನಿಂದ ಸೂಜಿಯಲ್ಲಿ ಹತ್ತಿ ಬತ್ತಿಯನ್ನು ಚಿತ್ರದ ಒಳಗೆ ತೂರಿಸುತ್ತಾರೆ. ಹೂವು, ದ್ರಾಕ್ಷಿ ಗೊಂಚಲು ಉಬ್ಬಿ ನಿಲ್ಲುತ್ತವೆ. ಕಿಟಕಿಗೆ ಎದುರು ಹಿಡಿದರೆ ಹೊಲಿಗೆಯ ನಡುವೆ ಬೆಳಕು ಹಾಯುತ್ತದೆ. ನಮ್ಮ ಉತ್ತರ ಕರ್ನಾಟಕದ ಕೌದಿ ಹಳೇ ಸೀರೆ, ಧೋತರದ ತುಂಡು ಪದರ ಪದರ ಇಟ್ಟು ಹೊಲಿದದ್ದು. ಇದು ಹೊಸ ಬಟ್ಟೆಯದ್ದು, ಮದುವೆಗೆ, ತೊಟ್ಟಿಲಿಗೆ ಅಂತ ಮಾಡುತ್ತಿದ್ದದ್ದು. ನೀಮ್ ಹತ್ತಿರದ ಕಾಲ್ವಿಸ್ಸೋಂನಲ್ಲಿ ಇದಕ್ಕೇ ಒಂದು ಮ್ಯೂಸಿಯಂ ಇದೆ. ಅಂಗಡಿಯಲ್ಲಿ ಬೂತಿ ಅಂತ ಚೀಟಿ ಹಚ್ಚಿ ಮಾರುವುದು ಸಾಮಾನ್ಯವಾಗಿ ಮಶಿನ್ನಿನಲ್ಲಿ ಹೊಲಿದ ಕ್ವಿಲ್ಟ್. ಕೊಳ್ಳಬೇಡಿ ಅನ್ನುವುದಿಲ್ಲ, ನಮ್ಮ ಮಂಚದ ಮೇಲಿರುವುದೂ ಅದೇ. ಚೀಟಿ ತಿರುಗಿಸಿ ನೋಡಿದರೆ ನಮ್ಮ ದೇಶದಲ್ಲೇ ಮಾಡಿದ್ದು! ಮೂರು ಶತಮಾನ ಆದರೂ ದಾರಿ ಬದಲಾಗಿಲ್ಲ. ಬೇಸಿಗೆಯಲ್ಲಿ ಒಂದು ಹಾಸಿನ ಮೇಲೆ ಅದೊಂದಿದ್ದರೆ ಸಾಕು. ದಪ್ಪ ಕ್ವೆಟ್, ಅಂದ್ರೆ ಇಲ್ಲಿನ ರಜಾಯಿ, ಚಳಿಗಾಲಕ್ಕೆ ಇಡಿ.

ಅಳತೆ ಮಾತ್ರ ಬರೆದಿಟ್ಟುಕೊಳ್ಳಿ. ಇಲ್ಲಿನ ಡಬಲ್ ಮಂಚ ಸಾಮಾನ್ಯವಾಗಿ 140 × 190 ಸೆಂ.ಮೀ., ಸ್ವಲ್ಪ ದೊಡ್ಡದು 160 × 200. ಊರಿಂದ ತಂದ ದೊಡ್ಡ ಬೆಡ್‌ಶೀಟ್ ಹೇಗೋ ನಡೆಯುತ್ತದೆ, ಸುತ್ತ ಮಡಿಸಿ ಸಿಕ್ಕಿಸಿದರಾಯಿತು. ದಿಂಬಿನ ಕವರ್ ನಡೆಯುವುದಿಲ್ಲ. ನಮ್ಮದು ಉದ್ದ, ಇವರದ್ದು ಚೌಕ, 65 × 65. ಅಮ್ಮ ಕಸೂತಿ ಹಾಕಿಸಿ ಕೊಟ್ಟ ಆರು ಕವರ್ ನನ್ನ ಬೀರುವಿನಲ್ಲಿ ಎಂಟು ವರ್ಷದಿಂದ ಮಲಗಿವೆ, ದಿಂಬಿಲ್ಲದೆ. 50 × 70 ದಿಂಬೂ ಇಲ್ಲಿ ಸಿಗುತ್ತದೆ, ಅದಕ್ಕೂ ನಮ್ಮ ಕವರ್ ಬಿಗಿ. 140ರ ಮಂಚಕ್ಕೆ ಕ್ವೆಟ್ 220 × 240 ತಗೊಳ್ಳಿ. 200 × 200 ಕೂಡ ಮಾರುತ್ತಾರೆ, ಗಂಡ ಹೆಂಡತಿ ರಾತ್ರಿಯಿಡೀ ಎಳೆದಾಡಬೇಕು.

ಎಲ್ಲಿ ಕೊಳ್ಳುವುದು ಅಂತ ಕೊನೆಗೆ ಕೇಳಿದ್ದೀರಿ. ಹೊಸ ಬಿಳಿ ಹಾಸುಗಳಿಗೆ ಜನವರಿವರೆಗೆ ಕಾಯಿರಿ. ಆ ತಿಂಗಳಿಗೆ ಇಲ್ಲಿ ಬಿಳಿಯ ತಿಂಗಳು ಅಂತಲೇ ಹೆಸರು, ಹಾಸು, ಟವೆಲ್ ಎಲ್ಲ ಕಡಿಮೆ ಬೆಲೆಗೆ ಬರುತ್ತವೆ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಬೋಂ ಮಾರ್ಶೆ ಅಂಗಡಿ ಶುರು ಮಾಡಿದ ಪದ್ಧತಿ ಅಂತಾರೆ. ಲಿನನ್ ಕೊಂಡರೆ ಫ್ರಾನ್ಸಿನದ್ದೇ ನಾರು ಇರುವ ಸಾಧ್ಯತೆ ಜಾಸ್ತಿ, ಅಗಸೆ ನಾರು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವುದು ಇಲ್ಲಿ. ಆದರೆ ಅದು ನಾರ್ಮಂಡಿ ಕಡೆಯ ಬೆಳೆ, ಪ್ರೊವಾನ್ಸಿನದ್ದಲ್ಲ. ಹಳೆಯದು ಬೇಕೆಂದರೆ ಭಾನುವಾರ ಲೀಲ್-ಸುರ್-ಲಾ-ಸೋರ್ಗ್ ಊರಿಗೆ ಹೋಗಿ, ಹೊಳೆ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ. ನೋಡಲು ಚೆಂದ, ಬೆಲೆ ಮಾತ್ರ ಪ್ರವಾಸಿಗಳದ್ದು. ನಾನು ಕೊಳ್ಳುವುದು ಹಳ್ಳಿಗಳ ವೀದ್ ಗ್ರೆನಿಯೆಗಳಲ್ಲಿ, ಅಂದ್ರೆ ಅಟ್ಟ ಖಾಲಿ ಮಾಡುವ ಮಾರಾಟ. ಅಕ್ಷರ ಹೊಲಿದ ನನ್ನ ಲಿನನ್ ಹಾಸು ಇಪ್ಪತ್ತು ಯೂರೋಗೆ ಸಿಕ್ಕಿದ್ದು ಅಲ್ಲೇ. ಅಕ್ಷರ ಯಾರದ್ದೋ ಏನೋ, ಈಗ ನಮ್ಮದು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಡುವಿನ ಹೊಲಿಗೆ ಇದ್ದರೆ ಹಳೆಯದೇ. ಮಡಿಕೆ ಗೆರೆಯಲ್ಲಿ ನೂಲು ಸವೆದು ಜಾಳಾಗಿದ್ದರೆ ಬಿಟ್ಟುಬಿಡಿ, ಮೊದಲ ಒಗೆತಕ್ಕೇ ಸೀಳುತ್ತದೆ.

ಬೀರುವಿಗೆ ಲ್ಯಾವೆಂಡರ್ ಚೀಲ ಇಡುತ್ತೀರಿ ತಾನೇ? ವಾಲೆನ್ಸೋಲ್ ಬಯಲಿನಲ್ಲಿ ನೇರಳೆ ಸಾಲು ಸಾಲಾಗಿ ಕಾಣುವುದು ಬಹುಪಾಲು ಲಾವಾಂದಾಂ ಅನ್ನುವ ಮಿಶ್ರತಳಿ. ಸ್ವಲ್ಪ ಕರ್ಪೂರದ ವಾಸನೆ, ತಲೆಗೆ ಹೊಡೆಯುತ್ತದೆ. ನುಸಿಗೆ ಅದೇ ಸರಿ. ದಿಂಬಿನ ಪಕ್ಕಕ್ಕೆ ಮಾತ್ರ ಬೆಟ್ಟದ ಮೇಲಿನ ನಿಜವಾದ ಲ್ಯಾವೆಂಡರ್ ಕೇಳಿ ತಗೊಳ್ಳಿ.

ಮತ್ತೆ, ಹೊಸ ಪ್ರಿಂಟ್ ಯಾವುದೇ ಇರಲಿ, ಮೊದಲ ಸಲ ಬೇರೆ ಒಗೆಯಿರಿ, ತಣ್ಣೀರಲ್ಲಿ. ನನ್ನ ಆ ಕೆಂಪು ಸೆಟ್ ಏನಾಯಿತು ಅಂತ ನೀವು ಕೇಳಲಿಲ್ಲ. ಎಲ್ಲ ಒಟ್ಟಿಗೆ ಯಜಮಾನರ ಆರು ಬಿಳಿ ಅಂಗಿಗಳ ಜೊತೆ ಮಶಿನ್ನಿಗೆ ಹಾಕಿದ್ದೆ. ಅವರು ಒಂದು ವರ್ಷ ಗುಲಾಬಿ ಬಣ್ಣದ ಅಂಗಿ ಹಾಕಿಕೊಂಡು ಆಫೀಸಿಗೆ ಹೋದರು.