ಕೊಆಲಾ ನಮ್ಮ ಸೋದರನಲ್ಲ: ಒಬ್ಬ ಲೇಖಕರಿಗೆ ಉತ್ತರ

ನಮಸ್ಕಾರ.

ನಿಮ್ಮ ‘ಕೊಆಲಾ: ನಾವು ಮರೆತ ಸೋದರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವ’ ಅಂತ ಒಂದು ಸಾಲು ಬರೆದು ಸುಮ್ನೆ ವಾಪಸ್ ಕಳಿಸಬಹುದಿತ್ತು. ಆದರೆ ಮನುಷ್ಯನಿಗೂ ಕೊಆಲಾಗೂ ಇರುವ ಒಂಬತ್ತು ಹೋಲಿಕೆಗಳನ್ನು ಪಟ್ಟಿ ಮಾಡಿದ್ದೀರಲ್ಲ, ಅದರ ಏಳನೆಯದರಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ತಲೆಬರಹ. ಆಸ್ಟ್ರೇಲಿಯಾದ ಮರಗಳ ಮೇಲೆ ಬದುಕುವ ಕೊಆಲಾ ನಮ್ಮ ಸೋದರ ಅಲ್ಲ, ದೂರದ ನೆಂಟ ಅನ್ನುವುದೂ ಕಷ್ಟ. ಅದರ ಹತ್ತಿರದ ಬಂಧು ವೊಂಬ್ಯಾಟ್, ಬಿಲ ತೋಡಿ ಬದುಕುವ ಪ್ರಾಣಿ. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುವ ಈ ವಂಶವೂ ನಮ್ಮ ವಂಶವೂ ಬೇರೆಯಾಗಿ ಹತ್ತು ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಎರಡನೇ ಪ್ಯಾರಾದಲ್ಲಿ ಅದನ್ನು ‘ಪುಟ್ಟ ಕರಡಿ’ ಅಂದಿದ್ದೀರಿ. ಅದೂ ತಪ್ಪು. ವಂಶಾವಳಿ ತೆಗೆದು ನೋಡಿದರೆ ಕರಡಿ ಕೊಆಲಾಗಿಂತ ನಮಗೇ ಹತ್ತಿರ.

ಇದನ್ನು ತಪ್ಪು ಹುಡುಕಬೇಕು ಅಂತ ಹೇಳುತ್ತಿಲ್ಲ. ‘ಸೋದರ’ ಅಂದ ಕೂಡಲೇ ನಿಮ್ಮ ವಿಷಯದ ಗುಟ್ಟೇ ಸತ್ತುಹೋಗುತ್ತದೆ. ಸೋದರರು ಒಂದೇ ಥರ ಇದ್ದರೆ ಯಾರಿಗೆ ಆಶ್ಚರ್ಯ? ಸಂಬಂಧವೇ ಇಲ್ಲದ ಇಬ್ಬರ ಬೆರಳ ತುದಿ ಒಂದೇ ಥರ ಇದ್ದರೆ ಮಾತ್ರ ಓದುಗ ನಿಂತು ನೋಡುತ್ತಾನೆ.

ಪಟ್ಟಿಯಲ್ಲಿ ಅರ್ಧ ಕೈಬಿಡಿ. ‘ಎರಡಕ್ಕೂ ಎರಡು ಕಣ್ಣು, ಒಂದು ಮೂಗು’ ಅನ್ನುವುದು ಹೋಲಿಕೆಯೇ ಅಲ್ಲ. ನಾಯಿಗೂ ಅಷ್ಟೇ ಇದೆ, ಅಲ್ವಾ? ‘ಎರಡೂ ಸೋಮಾರಿಗಳು’ ಅನ್ನುವುದು ತಮಾಷೆಗೆ ಸರಿ, ವಿಜ್ಞಾನಕ್ಕಲ್ಲ. ಕೊಆಲಾ ದಿನಕ್ಕೆ ಸುಮಾರು 20 ಗಂಟೆ ಮಲಗುವುದು ಸೋಮಾರಿತನದಿಂದಲ್ಲ. ಅದು ತಿನ್ನುವ ನೀಲಗಿರಿ ಎಲೆಯಲ್ಲಿ ಸತ್ವ ಕಡಿಮೆ, ನಾರು ಜಾಸ್ತಿ, ಜತೆಗೆ ವಿಷ ಬೇರೆ. ಅದನ್ನು ಕೊಳೆಸಿ ಅರಗಿಸಲು ಹೊಟ್ಟೆಯೊಳಗೆ ಸುಮಾರು ಎರಡು ಮೀಟರ್ ಉದ್ದದ ಕುರುಡು ಕರುಳು (ದೊಡ್ಡ ಕರುಳು ಶುರುವಾಗುವಲ್ಲಿ ಇರುವ ಚೀಲ) ಇದೆ. ನಮ್ಮ ಕುರುಡು ಕರುಳು ಒಂದು ಬೆರಳಿನಷ್ಟೂ ಉದ್ದ ಇಲ್ಲ. ಇನ್ನು ಮಿದುಳು. ‘ಮನುಷ್ಯನಂತೆ ವಿಕಸಿತ ಮಿದುಳು’ ಅಂತ ಎಲ್ಲಿಂದ ತಂದಿರೋ ಗೊತ್ತಾಗಲಿಲ್ಲ. ಕೊಆಲಾದ ಮಿದುಳು ಮೈಗೆ ಹೋಲಿಸಿದರೆ ತೀರಾ ಚಿಕ್ಕದು, ಹೊರಮೈ ಹೆಚ್ಚುಕಡಿಮೆ ನುಣುಪು. ನಮ್ಮ ಮಿದುಳಿನ ತುಂಬ ಮಡಿಕೆಗಳು.

ಈಗ ಏಳನೇ ಅಂಶಕ್ಕೆ ಬರೋಣ. ನೀವು ಬರೆದಿರುವುದು ಇಷ್ಟೇ: ‘ಕೊಆಲಾಗೂ ಬೆರಳಚ್ಚು ಇರುವುದು ವಿಸ್ಮಯಕಾರಿ.’ ಅಷ್ಟಕ್ಕೇ ಮುಂದಕ್ಕೆ ಓಡಿದ್ದೀರಿ. ಅಲ್ಲೇ ಕೂರಬೇಕಿತ್ತು.

1990ರ ದಶಕದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮಾಚೆಯ್ ಹೆನ್ನೆಬರ್ಗ್ ಮತ್ತು ಜತೆಗಾರರು ಕೊಆಲಾದ ಬೆರಳುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದರು. ಅದೇ ಗೀರು, ಅದೇ ಸುಳಿ. ಮನುಷ್ಯನದು ಯಾವುದು, ಕೊಆಲಾದ್ದು ಯಾವುದು ಅಂತ ಬೇರ್ಪಡಿಸುವುದೇ ಕಷ್ಟ. ಆದರೆ ಹತ್ತಿರದ ಬಂಧು ವೊಂಬ್ಯಾಟಿಗೆ ಇಂಥ ಬೆರಳಚ್ಚು ಇಲ್ಲ, ಕಾಂಗರೂಗೂ ಇಲ್ಲ. ಚಿಂಪಾಂಜಿಗೆ ಇದೆ, ಗೊರಿಲ್ಲಾಗೆ ಇದೆ. ಅವು ನಮ್ಮ ಮನೆಯವೇ. ಅಂದರೆ ನಮಗೂ ಚಿಂಪಾಂಜಿಗೂ ಬೆರಳಚ್ಚು ಪಿತ್ರಾರ್ಜಿತ. ಕೊಆಲಾದ್ದು ಸ್ವಯಾರ್ಜಿತ.

ಯಾಕೆ ಗಳಿಸಿತು? ಇಲ್ಲಿ ಅದರ ಕೈಯನ್ನು ಓದುಗನಿಗೆ ತೋರಿಸಿ. ಮುಂಗಾಲಿನಲ್ಲಿ ಐದು ಬೆರಳು, ಅದರಲ್ಲಿ ಎರಡು ಹೆಬ್ಬೆರಳಿನ ಹಾಗೆ ಉಳಿದ ಮೂರಕ್ಕೆ ಎದುರು ನಿಲ್ಲುತ್ತವೆ. ಅಂದರೆ ಒಂದೊಂದು ಕೈಗೆ ಎರಡೆರಡು ಹೆಬ್ಬೆರಳು! ಆ ಕೈಯಲ್ಲಿ ಕೊಂಬೆ ತಬ್ಬಿ ಏರುತ್ತದೆ, ಎಲೆಯನ್ನು ಹಿಡಿದು ಬಾಯಿಗೆ ಎಳೆದುಕೊಳ್ಳುತ್ತದೆ. ಎಲೆ ತಿನ್ನುವುದರಲ್ಲಿ ಅದು ಮಹಾ ಚೂಸಿ. ಹೀಗೆ ಹಿಡಿಯುವ ಬೆರಳ ತುದಿಗೆ ಒತ್ತಡ ನಾನಾ ಕಡೆಯಿಂದ ಬೀಳುತ್ತದೆ, ಗೀರುಗಳು ಹುಟ್ಟಿದ್ದು ಅದಕ್ಕೇ ಅನ್ನುವುದು ಹೆನ್ನೆಬರ್ಗ್ ತಂಡದ ವಾದ. ಇನ್ನೊಂದು ಸಂಗತಿ ನೀವು ನೋಡೇ ಇಲ್ಲ. ನಮಗೆ ಗೀರು ಅಂಗೈ ತುಂಬ ಇದೆ. ಕೊಆಲಾಗೆ ಮುಖ್ಯವಾಗಿ ಬೆರಳ ತುದಿಯಲ್ಲಿ. ಅಂಗೈ ಚರ್ಮದ ಮೇಲೆ ನರುಲಿಯಂಥ ಉಬ್ಬುಗಳು. ಎಲ್ಲಿ ಹೋಲಿಕೆ ನಿಲ್ಲುತ್ತದೆ ಅಂತ ಹೇಳಿದರೆ ಹೋಲಿಕೆಯ ತೂಕ ಹೆಚ್ಚುತ್ತದೆ. ಹೊಸ ಲೇಖಕರು ಇದಕ್ಕೆ ಹೆದರುತ್ತಾರೆ, ಯಾಕೋ.

‘ಕೊಆಲಾದ ಬೆರಳಚ್ಚಿನಿಂದ ಪೊಲೀಸರು ಹಲವು ಸಲ ದಾರಿ ತಪ್ಪಿದ್ದಾರೆ’ ಅನ್ನುವ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ. ಯಾವ ಊರು, ಯಾವ ವರ್ಷ, ಯಾವ ಕೇಸು? ಒಂದನ್ನೂ ಹೇಳಿಲ್ಲ. ‘ಗೊಂದಲ ಆಗಬಹುದು’ ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗಿ ‘ಆಗಿದೆ’ ಆಗಿಬಿಡುತ್ತದೆ. ಅಲ್ಲದೆ, ಕಳ್ಳತನ ನಡೆದ ಮನೆಯ ಬೀರುವಿನ ಮೇಲೆ ಕೊಆಲಾ ಯಾಕೆ ಕೈ ಇಡುತ್ತದೆ? ಅದು ಇರುವುದು ಮರದ ಮೇಲೆ.

ಕ್ಲಮಿಡಿಯ ಕಾಯಿಲೆಯ ಬಗ್ಗೆ ‘ಮನುಷ್ಯರಿಂದ ಹರಡಿದ್ದು’ ಅಂದಿದ್ದೀರಿ. ಅದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಕೊಆಲಾಗಳನ್ನು ಮುಖ್ಯವಾಗಿ ಕಾಡುವ ಬ್ಯಾಕ್ಟೀರಿಯಾ ಮನುಷ್ಯರನ್ನು ಕಾಡುವುದರ ಕುಲದ್ದೇ ಆದರೂ ಬೇರೆ ಜಾತಿಯದು. ದನ, ಕುರಿಗಳಲ್ಲೂ ಸಿಗುತ್ತದೆ. ಆ ವಾಕ್ಯ ಬೇಡ.

ಪಟ್ಟಿಯಲ್ಲಿ ಇರಬೇಕಾಗಿದ್ದ ಒಂದು ಸಂಗತಿ ಮಾತ್ರ ಇಲ್ಲ: ಗಂಟಲು. ನಮ್ಮ ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ಕೆಳಗೆ ಇಳಿದು ಕೂತಿದೆ. ಇದು ಮಾತಿಗಾಗಿಯೇ ಆದ ಏರ್ಪಾಡು, ಮನುಷ್ಯನಿಗೆ ಮಾತ್ರ ಇರುವುದು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಕೆಲವು ಜಿಂಕೆಗಳಲ್ಲಿ ಸಿಕ್ಕಿತು, ಕೊಆಲಾದಲ್ಲೂ ಸಿಕ್ಕಿತು. ಅದಕ್ಕೆ ಮಾತಿಲ್ಲ, ಗಂಡು ಕೊಆಲಾಗೆ ಬೆದೆಯ ಕಾಲದಲ್ಲಿ ಗುಟುರು ಹಾಕುವುದಿದೆ. ಅಷ್ಟು ಚಿಕ್ಕ ಮೈಯಿಂದ ಅಷ್ಟು ದಪ್ಪ ದನಿ ಹೇಗೆ? ಧ್ವನಿಪೆಟ್ಟಿಗೆಯ ಹೊರಗೆ ಇನ್ನೊಂದು ಜೊತೆ ಸ್ವರತಂತು ಇರುವುದು 2013ರಲ್ಲಿ ಪ್ರಕಟವಾಯಿತು. ಅದು ನಮಗಿಲ್ಲ. ಬೆರಳು ಮತ್ತು ಗಂಟಲು, ಈ ಎರಡೇ ಸಾಕು ನಿಮ್ಮ ಲೇಖನಕ್ಕೆ.

ಭಾಷೆಯ ಬಗ್ಗೆ ಎರಡು ಮಾತು. ‘ವಿಸ್ಮಯಕಾರಿ’ ಹನ್ನೊಂದು ಸಲ ಬಂದಿದೆ, ಎಣಿಸಿದೆ. ಎಲ್ಲ ತೆಗೆಯಿರಿ. ‘ಪ್ರಕೃತಿಯ ಲೀಲೆ’ ಅಂದರೆ ‘ಕಾರಣ ಹುಡುಕಲಿಲ್ಲ’ ಅಂತ ಅರ್ಥ. ‘ನಾವೆಲ್ಲರೂ ಒಂದೇ’ ಅನ್ನುವ ಕೊನೆಯ ಪ್ಯಾರಾನೂ ಬೇಡ, ನೀವು ಹೇಳಿದ ಸಂಗತಿಯೇ ಅದಕ್ಕೆ ಎದುರಾಡುತ್ತಿದೆ. ಮತ್ತೆ, ಕೋಲಾ, ಕೊವಾಲ, ಕೊಆಲಾ ಅಂತ ಮೂರು ಥರ ಬರೆದಿದ್ದೀರಿ. ಕೋಲಾ ಅಂದರೆ ಓದುಗನಿಗೆ ಬಾಟಲಿ ನೆನಪಾಗುತ್ತದೆ. ಕೊಆಲಾ ಅಂತಲೇ ಇಟ್ಟುಕೊಳ್ಳಿ.

ಹಾಂ, ಫೋಟೋ. ‘ಕೊಆಲಾದ ಕೈ’ ಅಂತ ನೀವು ಕಳಿಸಿರುವುದು ಅದರ ಹಿಂಗಾಲು. ಹೆಬ್ಬೆರಳಿಗೆ ಉಗುರಿಲ್ಲ, ಪಕ್ಕದ ಎರಡು ಬೆರಳು ಒಂದಕ್ಕೊಂದು ಅಂಟಿವೆ; ಅದರಿಂದ ಅದು ಮೈಯ ಕೂದಲು ಬಾಚಿಕೊಳ್ಳುತ್ತದೆ. ತಿದ್ದಿ ಕಳಿಸುವಾಗ ಮುಂಗಾಲಿನ ಚಿತ್ರ ಇರಲಿ, ಎರಡೂ ಹೆಬ್ಬೆರಳು ಕಾಣುವ ಹಾಗೆ.